ಚುಕ್ಕಿಗಳನ್ನು ಓದುವುದು ಹೇಗೆ

ನನ್ನ ಕತೆಗಳಲ್ಲಿ ಚುಕ್ಕಿ ಜಾಸ್ತಿ ಎಂದು ದೂರಿದವರು ಒಬ್ಬಿಬ್ಬರಲ್ಲ. ಮೈಸೂರಿನಲ್ಲಿ ಕಾಲೇಜಿನ ಕನ್ನಡ ಮೇಷ್ಟ್ರು ದೂರಿದರು. ಬೆಂಗಳೂರಿನ ವಾರಪತ್ರಿಕೆಯ ಸಂಪಾದಕರು ಕೆಂಪು ಇಂಕಿನಲ್ಲಿ ಒಂದೊಂದನ್ನೂ ಹೊಡೆದುಹಾಕಿ ಹಾಳೆ ವಾಪಸ್ ಕಳಿಸಿದರು. ಕೊನೆಗೆ ಅಮ್ಮ ಕೂಡ, "ಅದೇನೇ ಅದು, ಪುಟದ ತುಂಬಾ ಇರುವೆ ಹರಿದ ಹಾಗೆ?" ಎಂದು ನಕ್ಕಳು. ಮೇಷ್ಟ್ರ ವಾದ ನೇರವಾಗಿತ್ತು: "ಹೇಳೋಕೆ ಬಾರದವರು ಚುಕ್ಕಿ ಇಡ್ತಾರಮ್ಮ. ಹೇಳೋದಿದ್ರೆ ಹೇಳು, ಇಲ್ದಿದ್ರೆ ಪೂರ್ಣವಿರಾಮ ಹಾಕಿ ಎದ್ದು ಹೋಗು." ಎದುರಿಗೆ ತಲೆಯಾಡಿಸಿದೆ, ಒಳಗೊಳಗೇ ಉರಿದುಕೊಂಡೆ. ನಮ್ಮ ಮನೆಯಲ್ಲಿ ಯಾರು ತಾನೇ ವಾಕ್ಯ ಮುಗಿಸಿ ಮಾತಾಡುತ್ತಿದ್ದರು? ಅಜ್ಜಿ "ನಿಮ್ಮ ತಾತ ಇದ್ದಿದ್ರೆ…" ಎಂದು ಅಷ್ಟಕ್ಕೇ ಬಿಟ್ಟು ಅವರೆಕಾಯಿ ಬಿಡಿಸಲು ಕೂರುತ್ತಿದ್ದಳು. ಆ ಮೂರು ಚುಕ್ಕಿ ತೆಗೆದರೆ ಅಜ್ಜಿಯೇ ಕತೆಯಲ್ಲಿ ಇರುವುದಿಲ್ಲ.

ಕತೆ ಬರೆಯುವವರಿಗೆ ಇರುವ ಸಲಕರಣೆಯಾದರೂ ಎಷ್ಟು? ಪದಗಳು, ಅವುಗಳ ನಡುವೆ ಒಂದಿಷ್ಟು ಗೆರೆ, ಚುಕ್ಕಿ, ಕೊಕ್ಕೆ. ಹಟ ಹಿಡಿದ ಹೆಂಗಸು ಉಸಿರು ಬಿಡದೆ ಮಾತಾಡಬೇಕಾದರೆ ನಾನು ಪೂರ್ಣವಿರಾಮವನ್ನೇ ತೆಗೆದು ಅಲ್ಪವಿರಾಮದ ಮೇಲೇ ಅರ್ಧ ಪುಟ ಓಡಿಸುತ್ತಿದ್ದೆ. ಮಾತನ್ನು ಇನ್ನೊಬ್ಬರು ಕತ್ತರಿಸಿದರೆ ಅಡ್ಡಗೆರೆ. ಮಾತು ತಾನಾಗಿಯೇ ಬತ್ತಿದರೆ ಚುಕ್ಕಿ. ಆಶ್ಚರ್ಯಸೂಚಕ ಚಿಹ್ನೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಕತೆಗಾರ ಪಕ್ಕೆಗೆ ತಿವಿದು "ನೋಡಿದ್ರಾ, ಹೆಂಗಿದೆ!" ಎಂದ ಹಾಗೆ ಕಾಣುತ್ತದೆ, ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಈ ವಿಷಯದಲ್ಲಿ ನಾನು ಮೊದಲಿಂದಲೂ ಜಗಳಗಂಟಿ.

ಮದುವೆಯಾಗಿ ಜಪಾನಿಗೆ ಬಂದದ್ದು ಐಟಿಯ ಆ ಸುಗ್ಗಿಯ ಕಾಲದಲ್ಲಿ. ಟೋಕಿಯೊದ ಎಡೋಗಾವಾದಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟು. ನನ್ನ ಗಂಡ ಒಂದು ವಿಮಾ ಕಂಪನಿಯ ಹಳೆಯ ಪ್ರೋಗ್ರಾಂಗಳಲ್ಲಿ ತಾರೀಖು ಹುಡುಕಿ ಹುಡುಕಿ ಸರಿಮಾಡುವ ಕೆಲಸದಲ್ಲಿದ್ದರು. ಎರಡು ಸಾವಿರದ ಇಸವಿ ಹುಟ್ಟಿದ ಗಳಿಗೆಯಲ್ಲಿ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಲೋಕವೇ ಹೆದರಿದ್ದ ಹೊತ್ತು. ಭಾನುವಾರವೂ ಆಫೀಸು. ಮನೆಗೆ ಬಂದರೆ ಊಟ, ಸ್ನಾನ, ನಿದ್ದೆ. ಮನೆಯಲ್ಲಿ ನಾನು ಇವರನ್ನು "ರೀ" ಎನ್ನುತ್ತಿದ್ದೆ, ಇವರು ನನ್ನನ್ನು ಹೆಚ್ಚಾಗಿ ಏನೂ ಅನ್ನುತ್ತಿರಲಿಲ್ಲ. ಕೆಟ್ಟವರಲ್ಲ. ಮಾತು ಕಡಿಮೆ, ಅಷ್ಟೇ ಎಂದುಕೊಂಡಿದ್ದೆ.

ಬಂದ ಎರಡನೇ ವರ್ಷ, ಬಸುರಿನ ಏಳನೇ ತಿಂಗಳಲ್ಲಿ, ನನ್ನ ಮಗು ಹೊಟ್ಟೆಯಲ್ಲೇ ಹೋಯಿತು. ಇದನ್ನು ಹೀಗೆ ಒಂದೇ ಸಾಲಿನಲ್ಲಿ ಬರೆದು ಪೂರ್ಣವಿರಾಮ ಹಾಕಲು ನನಗೆ ಎಷ್ಟೋ ವರ್ಷ ಬೇಕಾಯಿತು. ರಕ್ತ ನಿಲ್ಲದೆ ಹೋಗಿ, ನನಗೆ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡಿದ್ದರು. ಎಚ್ಚರವಾದಾಗ ಇವರು ಮಂಚದ ಪಕ್ಕದ ಕುರ್ಚಿಯಲ್ಲಿ ಕೋಟು ಕೂಡ ಬಿಚ್ಚದೆ ಕೂತಿದ್ದರು.

"ಹುಡುಗಿ," ಅಂದರು.

"ನಿಮಗೆ ತೋರಿಸಿದ್ರಾ?" ಎಂದು ಕೇಳಿದೆ.

ಇವರು ಹೊದಿಕೆಯ ಅಂಚನ್ನು ಸರಿಮಾಡಿದರು, ಕಿಟಕಿಯ ಕಡೆ ನೋಡಿದರು, ನರ್ಸನ್ನು ಕರೆಯುತ್ತೇನೆಂದು ಎದ್ದು ಹೋದರು. ನನಗೆ ಜ್ವರ ಬಂತು. ಅದು ಇಳಿದು ನಾನು ಗೋಡೆ ಹಿಡಿದು ನಡೆಯುವ ಹೊತ್ತಿಗೆ, ಆಗಬೇಕಾದ್ದನ್ನೆಲ್ಲ ಆಸ್ಪತ್ರೆಯವರೂ ಇವರ ಆಫೀಸಿನವರೂ ಸೇರಿ ಮುಗಿಸಿಬಿಟ್ಟಿದ್ದರು. ನನಗೆ ನೋಡಲು ಏನೂ ಉಳಿದಿರಲಿಲ್ಲ.

ಮನೆಗೆ ಬಂದ ಮೇಲೆ ಮತ್ತೆ ಕೇಳಿದೆ. ಅನ್ನ ಬಡಿಸುತ್ತಾ ಕೇಳಿದೆ, ಬಟ್ಟೆ ಮಡಿಸುತ್ತಾ ಕೇಳಿದೆ, ಅಳುತ್ತಾ ಕೇಳಿದೆ, ಕೂಗಾಡಿಯೂ ಕೇಳಿದೆ. ಇವರು ತುಟಿ ಪಿಟಿಕ್ಕೆನ್ನಲಿಲ್ಲ. ತಟ್ಟೆ ತೊಳೆದಿಟ್ಟು ಬೆನ್ನು ಹಾಕಿ ಮಲಗಿದರು. ನನಗೆ ಬೇಕಾಗಿದ್ದು ಆ ಒಂದು ಉತ್ತರ ಮಾತ್ರ. ನಾನಂತೂ ಅವಳನ್ನು ನೋಡಲಿಲ್ಲ. ನಮ್ಮವರು ಅಂತ ಒಬ್ಬರಾದರೂ ನೋಡಿದ್ದಾರೋ ಇಲ್ಲವೋ? ನೋಡಿದ್ದರೆ ಅವಳು ಇದ್ದಳು ಅನ್ನುವುದಕ್ಕೆ ಒಂದು ಸಾಕ್ಷಿ ಇತ್ತು. ತೋರಿಸಿದರೂ ಮುಖ ತಿರುಗಿಸಿದ್ದರೆ, ನೋಡಬೇಕೆಂದು ಇವರಿಗೆ ಅನ್ನಿಸಲೇ ಇಲ್ಲವೆಂದರೆ, ಈ ಮನುಷ್ಯನ ಜೊತೆ ಮುಂದೆ ಬಾಳಲು ನನ್ನಿಂದ ಆಗುತ್ತಿರಲಿಲ್ಲ. ಅಷ್ಟೆಲ್ಲ ಅದರ ಮೇಲೆ ನಿಂತಿತ್ತು, ಮತ್ತು ಇವರು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು.

ಮನೆಯಲ್ಲೇ ಕೂತರೆ ತಲೆ ಕೆಡುತ್ತದೆ ಎಂದು ಪಕ್ಕದ ಮನೆಯ ಕನ್ನಡದಾಕೆ ನನ್ನನ್ನು ವಾರ್ಡ್ ಆಫೀಸಿನ ಜಪಾನಿ ಕಲಿಸುವ ತರಗತಿಗೆ ಎಳೆದುಕೊಂಡು ಹೋದಳು. ಅಲ್ಲಿ ಕಲಿಸುತ್ತಿದ್ದವರು ಕೆಲಸದಿಂದ ನಿವೃತ್ತರಾದ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಸೆನ್ಸೇ ಎನ್ನುತ್ತಿದ್ದರು. ಮೇಷ್ಟ್ರೇ ಎನ್ನುವ ಹಾಗೆ. ಅವರು ಮೊದಲು ಕಲಿಸಿದ ಮಾತು ಸುಮಿಮಾಸೆನ್, ಅಂದರೆ ಕ್ಷಮಿಸಿ. ಕೈಚೀಲದಲ್ಲಿ ಸದಾ ಒಂದು ಕಾದಂಬರಿ. ನಾನೂ ಕತೆ ಬರೆಯುತ್ತೇನೆಂದು ನನ್ನ ಹರಕು ಮುರುಕು ಜಪಾನಿಯಲ್ಲಿ ಹೇಳಿದ ದಿನದಿಂದ ತರಗತಿ ಮುಗಿದ ಮೇಲೆ ನನ್ನನ್ನು ಕೂರಿಸಿಕೊಂಡು ಒಂದೊಂದು ಪುಟ ತೋರಿಸುತ್ತಿದ್ದರು. ಓದಲು ನನಗೆ ಬರುತ್ತಿರಲಿಲ್ಲ. ಹಾಗಾಗಿ ಕಣ್ಣು ಮೊದಲು ಚಿಹ್ನೆಗಳ ಮೇಲೇ ಬೀಳುತ್ತಿತ್ತು. ಅವರ ಪೂರ್ಣವಿರಾಮ ನಮ್ಮ ಸೊನ್ನೆಯಂತೆ ಪುಟ್ಟ ವೃತ್ತ. ಮಾತನ್ನು ಹಿಡಿದಿಡಲು ನಮ್ಮ ಹಾಗೆ ಜೋಡಿ ಅಲ್ಪವಿರಾಮವಿಲ್ಲ, ಎರಡು ಮೂಲೆಗೆ ಎರಡು ಕೊಕ್ಕೆ.

ಒಂದು ದಿನ ಒಂದು ಪುಟದಲ್ಲಿ ಎರಡು ಕೊಕ್ಕೆಗಳ ನಡುವೆ ಬರೀ ಚುಕ್ಕಿ ಕಂಡಿತು. ಅಕ್ಷರ ಒಂದೂ ಇಲ್ಲ. ಅಚ್ಚಿನ ತಪ್ಪಿರಬೇಕು ಎಂದುಕೊಂಡೆ.

"ಇವನು ಏನು ಹೇಳುತ್ತಿದ್ದಾನೆ, ಸೆನ್ಸೇ?"

"ಏನೂ ಹೇಳುತ್ತಿಲ್ಲ," ಎಂದರು ಸೆನ್ಸೇ. ನನಗೆ ಅರ್ಥವಾಗಲೆಂದು ನಿಧಾನವಾಗಿ, ಸಣ್ಣ ಸಣ್ಣ ಮಾತಿನಲ್ಲಿ ವಿವರಿಸಿದರು. "ಆದರೆ ಈಗ ಅವನ ಸರದಿ. ಅದನ್ನು ಅವನಿಂದ ಕಿತ್ತುಕೊಳ್ಳಬಾರದು. ಅದಕ್ಕೇ ಕೊಕ್ಕೆ."

ಅವರ ಕತೆಗಳಲ್ಲಿ ಇದು ಎಲ್ಲರೂ ಮಾಡುವ ಸಾಮಾನ್ಯ ಕೆಲಸವಂತೆ. ನಾವಾದರೆ "ಅವನು ಸುಮ್ಮನಿದ್ದ" ಎಂದು ಬರೆದು ಮುಂದಕ್ಕೆ ಹೋಗುತ್ತೇವೆ. ಸುಮ್ಮನಿದ್ದ ಎಂದು ಹೇಳುವವರು ಕತೆಗಾರರು. ಅವನಿಗೆ ಅಲ್ಲಿ ಸಾಲಿಲ್ಲ, ಜಾಗವಿಲ್ಲ. ಇಲ್ಲಿ ಮೌನಕ್ಕೇ ಒಂದು ಸಾಲು, ಮಾತಿಗೆ ಕೊಡುವ ಮರ್ಯಾದೆ. ರೈಲಿನಲ್ಲಿ ಬರುತ್ತಾ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಖುಷಿಗಲ್ಲ. ನಮ್ಮ ಮನೆಯಲ್ಲಿ ಆರೇಳು ತಿಂಗಳಿಂದ ನಡೆಯುತ್ತಿದ್ದುದನ್ನು ಬರೆಯುವ ಬಗೆ ಸಿಕ್ಕಿತ್ತು, ಮತ್ತು ಅದನ್ನು ಬರೆಯಲು ನನಗೆ ಭಯವಾಗಿತ್ತು.

ಬರೆದೆ. ಕತೆಯಲ್ಲಿ ಊರು ಮಂಡ್ಯ, ಗಂಡ ಬ್ಯಾಂಕಿನ ಗುಮಾಸ್ತ, ಆಸ್ಪತ್ರೆ ಪೇಟೆಬೀದಿಯ ಸಣ್ಣ ನರ್ಸಿಂಗ್ ಹೋಮು. ಮನೆಯಲ್ಲಿ "ಇವರು" ಆದವರು ಕತೆಯಲ್ಲಿ "ಅವನು" ಆದರು. ಅಷ್ಟರಿಂದಲೇ ಕೈಗೆ ಧೈರ್ಯ ಬಂತು. ಕತೆ ಪೂರ್ತಿ ಗಂಡ ಹೆಂಡತಿಯ ಸಂಭಾಷಣೆ. ಹೆಂಡತಿ ಸಾರಿಗೆ ಉಪ್ಪು ಸಾಕಾ ಎಂದು ಕೇಳುತ್ತಾಳೆ, ಅವನು ಸಾಕು ಎನ್ನುತ್ತಾನೆ. ನಿಮ್ಮ ತಂಗಿ ಫೋನ್ ಮಾಡಿದ್ದಳು ಎನ್ನುತ್ತಾಳೆ, ಅವನು ಹೂಂ ಎನ್ನುತ್ತಾನೆ. ಮಗುವಿನ ಮಾತೆತ್ತಿದರೆ ಮಾತ್ರ ಅವನ ಸಾಲಿನಲ್ಲಿ “……” ಬರುತ್ತದೆ, ಬೇರೇನೂ ಇಲ್ಲ. ಮೊದಲು ಅಲ್ಲೊಂದು ಇಲ್ಲೊಂದು. ಪುಟ ತಿರುಗಿದಂತೆ ಅವು ಒತ್ತೊತ್ತಾಗುತ್ತವೆ. ಕೊನೆಯ ಸಾಲು ಅವಳ ಪ್ರಶ್ನೆ, "ಅವರು ನಿಮಗೆ ತೋರಿಸಿದ್ರಾ?" ಅದರ ಕೆಳಗೆ ಅವನ ಚುಕ್ಕಿಗಳು. ಕತೆ ಅಲ್ಲಿಗೆ ಮುಗಿಯುತ್ತದೆ. ಆ ಕೊನೆಯ ಚುಕ್ಕಿಗಳನ್ನು ಎಷ್ಟು ಒತ್ತಿ ಇಟ್ಟಿದ್ದೆನೆಂದರೆ ಹಾಳೆಯ ಹಿಂದೆ ಬೆರಳಾಡಿಸಿದರೆ ತರಿತರಿಯಾಗಿ ಸಿಗುತ್ತಿದ್ದವು.

ಆಗ ಟೋಕಿಯೊ ಸುತ್ತಮುತ್ತಲಿನ ಕನ್ನಡದವರು ಕೆಲವರು ಒಂದೊಂದು ಭಾನುವಾರ ಸೇರಿ ಕತೆ ಕವಿತೆ ಓದುವುದಿತ್ತು. ನಡೆಸುತ್ತಿದ್ದವರು ಹತ್ತಿರದ ಕಾಶಿವಾ ಊರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಒಬ್ಬರು. ನಾವೆಲ್ಲ ಅವರನ್ನು ಸಾರ್ ಎನ್ನುತ್ತಿದ್ದೆವು. ಅವರದೊಂದು ಕಟ್ಟಳೆ: ಬರೆದವರು ತಮ್ಮ ಕತೆಯನ್ನು ತಾವೇ ಓದುವ ಹಾಗಿಲ್ಲ. "ಬರೆದವರು ಓದಿದ್ರೆ ನಾಟಕ ಮಾಡ್ತಾರೆ. ಗಂಟಲು ಗದ್ಗದ, ಕಣ್ಣಲ್ಲಿ ನೀರು. ಹಾಳೆ ಮೇಲೆ ಏನಿದೆ ಅದಷ್ಟೇ ನಮಗೆ ಬೇಕು," ಎನ್ನುತ್ತಿದ್ದರು. ಓದುವವರು ಅಲ್ಲೇ ಮೊದಲ ಸಲ ಹಾಳೆ ನೋಡಬೇಕು. ಬರೆದವರು ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು, ಎಲ್ಲಿ ದನಿ ಇಳಿಸಬೇಕು ಎನ್ನುವುದನ್ನು ನಮ್ಮ ಪರವಾಗಿ ಹೇಳಲು ಅಲ್ಲಿ ಇದ್ದದ್ದು ನಾವು ಇಟ್ಟ ಚಿಹ್ನೆಗಳು ಮಾತ್ರ. ಒಂದು ಅಲ್ಪವಿರಾಮ ಎಷ್ಟು ಭಾರ ಹೊರುತ್ತದೆಂದು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ಆ ಮೂಲೆಯಲ್ಲಿ ಹಲ್ಲು ಕಚ್ಚಿಕೊಂಡು ಕೂತು.

ಹೊಸ ವರ್ಷ ಬಂತು. ಕಂಪ್ಯೂಟರುಗಳಿಗೆ ಏನೂ ಆಗಲಿಲ್ಲ. ಅಷ್ಟು ತಿಂಗಳು ಜೀವ ತೇಯ್ದವರೆಲ್ಲ ಗರ ಬಡಿದವರ ಹಾಗೆ ಮನೆಗೆ ಬಂದು ಮಲಗಿದರು, ನನ್ನ ಗಂಡನೂ ಸೇರಿ. ಜನವರಿಯ ಒಂದು ಭಾನುವಾರ ನಾನು ಸೀರೆ ಉಟ್ಟು ಹೊರಟಾಗ ಇವರು ಸೋಫಾದಿಂದ ಎದ್ದು, "ನಾನೂ ಬರ್ಲಾ?" ಎಂದರು. ಮನೆಯಲ್ಲಿ ಒಬ್ಬರೇ ಕೂರಲು ಆಗಲಿಲ್ಲವೋ ಏನೋ. ನನ್ನ ಕತೆಯ ಸರದಿ ಅವತ್ತೇ ಎಂದು ಇವರಿಗೆ ಗೊತ್ತಿರಲಿಲ್ಲ. ನಾನು ಬರೆದದ್ದನ್ನು ಇವರು ಯಾವತ್ತೂ ಓದಿದವರಲ್ಲ. "ಬನ್ನಿ," ಎಂದೆ. ದಾರಿಯಲ್ಲಿ ಕೊಂಬಿನಿ ಅಂಗಡಿಯ ಝೆರಾಕ್ಸ್ ಮಷೀನಿನಲ್ಲಿ ಎಲ್ಲರಿಗೂ ಹಂಚಲು ಕತೆಯ ಪ್ರತಿಗಳನ್ನು ತೆಗೆಯುವಾಗ ಪಕ್ಕದಲ್ಲೇ ನಿಂತು ಹಾಳೆ ಜೋಡಿಸಿಕೊಟ್ಟರು. ಏನೆಂದು ಕೇಳಲಿಲ್ಲ.

ಸಮುದಾಯ ಭವನದ ಚಾಪೆ ಹಾಸಿದ ಕೋಣೆ. ಬಾಗಿಲಲ್ಲಿ ಚಪ್ಪಲಿಗಳ ಸಾಲು, ನಡುವೆ ಕಿತ್ತಳೆ ಬುಟ್ಟಿ, ಯಾರೋ ಡಬ್ಬಿಯಲ್ಲಿ ತಂದ ಚಿತ್ರಾನ್ನ. ಇವರನ್ನು ನೋಡಿದ್ದೇ ತಡ, ಸಾರ್ ಎರಡೂ ಕೈ ಎತ್ತಿದರು.

"ಓಹೋ, ಕೊನೆಗೂ ದರ್ಶನ ಆಯ್ತಲ್ಲ. ಏನ್ ಸ್ವಾಮಿ, ಜಗತ್ತು ಉಳಿಸಿದ್ರಂತೆ?"

"ಹಂಗೇನಿಲ್ಲ ಸಾರ್. ಬರೀ ಟೆಸ್ಟಿಂಗು."

"ಇವತ್ತು ನಿಮ್ಮ ಮನೆಯವರ ಕತೆ. ಓದೋಕೆ ನೀವೇ ಸರಿ. ಏನಮ್ಮಾ, ಅಬ್ಜೆಕ್ಷನ್ ಇದ್ಯಾ?"

ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು. "ಓದ್ಲಿ ಓದ್ಲಿ, ಮನೆಯಲ್ಲಿ ಕೇಳಲ್ಲ, ಇಲ್ಲಾದ್ರೂ ಓದ್ಲಿ," ಎಂದು ಪಕ್ಕದ ಮನೆಯಾಕೆ ಛೇಡಿಸಿದಳು. ಇವರು ಬೇಡ ಬೇಡ ಎನ್ನುತ್ತಾ ನನ್ನ ಮುಖ ನೋಡಿದರು. ನಾನು ಒಂದು ಮಾತು ಹೇಳಿದ್ದರೆ ತಪ್ಪುತ್ತಿತ್ತು. ತಲೆನೋವು ಎಂದರೆ ಸಾಕಿತ್ತು. ಆದರೆ ಅಷ್ಟು ತಿಂಗಳ ಕೋಪ ನೆತ್ತಿಗೇರಿ ಕೂತಿತ್ತು. "ಓದ್ಲಿ ಬಿಡಿ," ಎಂದೆ. ಈಗಲೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಇವರು ಕಾಲು ಮಡಿಸಿ ಕೂತು ಕನ್ನಡಕ ಒರೆಸಿಕೊಂಡು ಶುರುಮಾಡಿದರು. ದನಿ ಚೆನ್ನಾಗಿತ್ತು, ನನಗೇ ಆಶ್ಚರ್ಯವಾಯಿತು. ಸಾರಿಗೆ ಉಪ್ಪು, ತಂಗಿಯ ಫೋನು ಎಲ್ಲ ಚೆನ್ನಾಗಿಯೇ ಹೋಯಿತು. ಮೊದಲನೇ ಚುಕ್ಕಿಗಳ ಸಾಲು ಬಂತು. ಇವರು ಅದನ್ನು ದಾಟಿ ಹೆಂಡತಿಯ ಮುಂದಿನ ಮಾತಿಗೆ ಹೋದರು. ಎರಡನೇ ಸಲವೂ ಹಾಗೇ. ಮೂರನೇ ಸಲವೂ. ಅವನ ಸಾಲುಗಳು ಹಾರಿಹೋಗಿ ಅವಳ ಮಾತಿಗೆ ಅವಳದೇ ಮಾತು ಅಂಟಿಕೊಂಡಿತು. "ನಿಮಗೆ ನೆನಪಾಗಲ್ವಾ ಆ ತೊಟ್ಟಿಲು ಯಾರಿಗಾದ್ರೂ ಕೊಡೋಣ್ವಾ ಮಾತಾಡ್ರೀ." ನನ್ನ ಕತೆಯ ಹೆಂಗಸು ಬಿಡುವಿಲ್ಲದೆ ಗೊಣಗುವ ಬಾಯಾಳಿಯಾಗಿಬಿಟ್ಟಳು. ಹಿಂದೆ ಕೂತ ಇಬ್ಬರು ಹುಡುಗರು ಮುಸಿಮುಸಿ ನಕ್ಕರು. "ಸೇಮ್ ನಮ್ಮನೆ," ಎಂದ ಒಬ್ಬ. ನಗು ಹಬ್ಬಿತು. ನನ್ನ ಮೈಯೆಲ್ಲ ಉರಿದುಹೋಯಿತು.

"ನಿಲ್ಲಿಸಿ," ಎಂದು ಕೂಗಿದೆ. ಕಟ್ಟಳೆ ಮುರಿದದ್ದಕ್ಕೆ ಸಾರ್ ಕೈ ಎತ್ತಿದರು. ನಾನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. "ಅಲ್ಲಿ ಚುಕ್ಕಿ ಇದೆ. ಯಾಕೆ ಬಿಡ್ತಾ ಇದ್ದೀರಿ?"

"ಅಲ್ಲೇನೂ ಬರೆದಿಲ್ವಲ್ಲ," ಎಂದರು ಇವರು, ನಿಜಕ್ಕೂ ಗೊಂದಲದಿಂದ. "ಬ್ಲ್ಯಾಂಕ್ ಅಂತ ಸ್ಕಿಪ್ ಮಾಡ್ದೆ."

"ಬ್ಲ್ಯಾಂಕ್ ಅಲ್ಲ. ಅದು ಅವನ ಮಾತು. ಅವನ ಸರದಿ ಅದು."

"ಅದನ್ನ ಓದೋದು ಹೆಂಗೆ?"

"ಸುಮ್ನಿರಿ. ಸುಮ್ನಿದ್ದು ಆಮೇಲೆ ಮುಂದಕ್ಕೆ ಹೋಗಿ. ಅದನ್ನೂ ನಾನು ಹೇಳ್ಕೊಡ್ಬೇಕಾ ನಿಮಗೆ?"

ಮತ್ತೊಂದು ಸಲ ಎಲ್ಲರೂ ನಕ್ಕರು. ಇವರು ನಗಲಿಲ್ಲ. ಹಾಳೆಯನ್ನು ಹಿಂದಕ್ಕೆ ತಿರುಗಿಸಿ, ಮೊದಲ ಚುಕ್ಕಿಗಳ ಜಾಗ ಹುಡುಕಿ, ಮತ್ತೆ ಓದಿದರು.

"ಆ ತೊಟ್ಟಿಲು ಯಾರಿಗಾದ್ರೂ ಕೊಡೋಣ್ವಾ?"

ನಿಲ್ಲಿಸಿದರು. ಒಂದು ಉಸಿರು ತೆಗೆದುಕೊಂಡರು.

"ಮಾತಾಡ್ರೀ."

ಮತ್ತೆ ನಿಲ್ಲಿಸಿದರು. ಅದೇ ಮಾತುಗಳು, ಆದರೆ ಈಗ ಯಾರೂ ನಗಲಿಲ್ಲ. ಆ ಹೆಂಗಸು ಗೊಣಗುತ್ತಿರಲಿಲ್ಲ, ಕಾಯುತ್ತಿದ್ದಳು. ಒಂದೊಂದು ಸಾಲಿಗೂ ಕಾಯುತ್ತಿದ್ದಳು. ಅಷ್ಟು ವರ್ಷದಿಂದ ಕತೆ ಬರೆಯುತ್ತಿದ್ದರೂ ನಾನಿಟ್ಟ ಚುಕ್ಕಿಯೊಂದು ಒಂದು ಕೋಣೆಯ ಜನರ ಬಾಯಿ ಮುಚ್ಚಿಸುವುದನ್ನು ಅವತ್ತೇ ಮೊದಲು ಕಂಡದ್ದು. ಬೇರೆ ದಿನವಾಗಿದ್ದರೆ ಹಿಗ್ಗುತ್ತಿದ್ದೆ. ಅವತ್ತು ಆಗಲಿಲ್ಲ, ಏಕೆಂದರೆ ಇದು ಯಾರ ಕತೆಯೆಂದು ಓದುತ್ತಿದ್ದವರಿಗೆ ಗೊತ್ತಾಗಿಹೋಗಿತ್ತು. ಎರಡನೇ ಪುಟದಲ್ಲಿ ನರ್ಸಿಂಗ್ ಹೋಮಿನ ಮಾತು ಬರುವ ಹೊತ್ತಿಗೆ ಇವರ ದನಿ ಕುಗ್ಗಿತು. ಕನ್ನಡಕ ತೆಗೆದು ಕೆಳಗಿಟ್ಟರು, ಮತ್ತೆ ಹಾಕಿಕೊಂಡರು. ಚುಕ್ಕಿ ಬಂದ ಕಡೆಯೆಲ್ಲ ತಪ್ಪದೆ ನಿಂತರು. ನಿಲ್ಲುವುದು ಉದ್ದವಾಗುತ್ತಾ ಹೋಯಿತು.

ಪಕ್ಕದ ಮನೆಯಾಕೆ ನನ್ನ ಕೈ ಹಿಡಿದುಕೊಂಡಳು. ನಮ್ಮ ಮನೆಯಲ್ಲಿ ಏನಾಗಿತ್ತೆಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಪೂರ್ತಿ ಗೊತ್ತಿದ್ದದ್ದು. "ನಿಲ್ಸೋಕೆ ಹೇಳೇ," ಎಂದು ಪಿಸುಗುಟ್ಟಿದಳು. "ಪಾಪ ಕಣೇ." ನನಗೂ ಪಾಪ ಅನ್ನಿಸಿತು. ಅದರ ಜೊತೆಗೇ, ಪಾಪ ಅನ್ನಿಸಿದ್ದಕ್ಕೆ ಸಿಟ್ಟೂ ಬಂತು. ಅಷ್ಟು ಸಲ ನಾನು ಕೇಳಿದಾಗ ಇವರಿಗೆ ನನ್ನ ಮೇಲೆ ಪಾಪ ಅನ್ನಿಸಲಿಲ್ಲವಲ್ಲ. ನಿಲ್ಲಿಸಲು ಹೇಳಲಿಲ್ಲ.

ಕೊನೆಯ ಪುಟ. ಕೊನೆಯ ಪ್ರಶ್ನೆ.

"ಅವರು ನಿಮಗೆ ತೋರಿಸಿದ್ರಾ?"

ಇವರು ಅದನ್ನು ಯಾವ ಭಾವವೂ ಇಲ್ಲದೆ, ಬರೆದ ಹಾಗೆಯೇ ಓದಿದರು. ಕೆಳಗೆ ಚುಕ್ಕಿಗಳಿದ್ದವು. ಇವರು ನಿಂತರು. ಕೋಣೆಯ ಹೀಟರಿನ ಸದ್ದು ಕೇಳುತ್ತಿತ್ತು. ಯಾರದೋ ಮಗು ಕಿತ್ತಳೆ ಸಿಪ್ಪೆ ಸುಲಿಯುತ್ತಿತ್ತು. ಹಾಳೆ ನೋಡುತ್ತಿದ್ದವರಿಗೆ ಕತೆ ಅಲ್ಲಿಗೆ ಮುಗಿಯಿತೆಂದು ಗೊತ್ತು. ಸಾರ್ ಚಪ್ಪಾಳೆಗೆಂದು ಕೈ ಎತ್ತಿದವರು ಇವರ ಮುಖ ನೋಡಿ ಹಾಗೇ ಇಳಿಸಿಬಿಟ್ಟರು.

"ತೋರಿಸಿದ್ರು," ಎಂದರು ಇವರು.

ಯಾರೋ ತಮ್ಮ ಹಾಳೆಯನ್ನು ತಿರುಗಿಸಿ ಆ ಮಾತು ಎಲ್ಲಿದೆಯೆಂದು ಹುಡುಕಿದರು. ಇವರು ಹಾಳೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

"ಕೈಗೇ ಕೊಟ್ರು. ಬಿಳೀ ಬಟ್ಟೆ ಸುತ್ತಿ ಕೊಟ್ರು. ನೀನು ಏಳೋವರೆಗೂ ಇಟ್ಕೊಂಡಿರ್ತೀನಿ ಅಂತ ಹೇಳೋಕೆ ನಂಗೆ ಭಾಷೆ ಬರಲಿಲ್ಲ. ಸುಮಿಮಾಸೆನ್, ಸುಮಿಮಾಸೆನ್ ಅಂತ ಅಷ್ಟೇ ಅಂದೆ. ಅವರು ಬಗ್ಗಿ ನಮಸ್ಕಾರ ಮಾಡಿ ಇಸ್ಕೊಂಡು ಹೋದ್ರು." ಇವರು ಹಾಳೆ ಕೆಳಗಿಟ್ಟರು. "ನಾನು ನೋಡ್ದೆ. ನೀನು ನೋಡ್ಲಿಲ್ಲ. ಅದನ್ನ ಹೆಂಗ್ ಹೇಳ್ಲಿ ನಿಂಗೆ?"

ಯಾವಾಗ ಎದ್ದೆನೋ ತಿಳಿಯದು, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಇವರ ಎದುರು ಕೂತಿದ್ದೆ. ಇವರ ಎರಡೂ ಕೈ ಹಿಡಿದುಕೊಂಡೆ. ಅವಳನ್ನು ಎತ್ತಿಕೊಂಡ ಕೈಗಳು ಇವೇ ಎಂದು ಅಷ್ಟು ದಿನ ನನಗೆ ಗೊತ್ತಿರಲಿಲ್ಲ.

"ತಲೆ ತುಂಬಾ ಕೂದ್ಲಿತ್ತು ಕಣೇ," ಎಂದರು.

"ಮತ್ತೆ?" ಎಂದೆ. "ಹೇಳ್ರೀ. ಮತ್ತೆ?"